ಹಬ್ಸಾ ಹಾಕಿದ ದಾವೆ

"ಹಾಜಿ ಮಗ ಅಂಗಡೀನೂ ಮಾರಿ ಆಗಿದೆ, ಮಾಚಿಕ್. ಗೋದಾಮು, ಲಾರಿ, ಯಾವುದೂ ಉಳಿದಿಲ್ಲ," ಎಂದಳು ವಕೀಲೆ ನೋರ್ಲಿಯಾ.

ನೇಕಾರಳಾದ ಹಬ್ಸಾಳನ್ನು ಕಿರಿಯರೆಲ್ಲ ಮಾಚಿಕ್, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಿದ್ದರು. ಅವಳು ಎರಡು ವರ್ಷ ಮಗ್ಗದ ಮುಂದೆ ಸೊಂಟ ಮುರಿದುಕೊಂಡು ನೇಯ್ದ ಜರಿಯ ಸೊಂಗ್ಕೆಟ್ ಬಟ್ಟೆಗಳನ್ನೆಲ್ಲ ವ್ಯಾಪಾರಿ ಹಾಜಿ ಮಮತ್ ಸಾಲಕ್ಕೆ ಒಯ್ದಿದ್ದ, ಹದಿನೆಂಟು ಸಾವಿರ ರಿಂಗಿಟ್ ಬಾಕಿ ಉಳಿಸಿ ಸತ್ತಿದ್ದ. ಆ ದುಡ್ಡಿನಲ್ಲೇ ಅವಳ ಕಣ್ಣಿನ ಆಪರೇಷನ್ ಆಗಬೇಕಿತ್ತು. ಇನ್ನೂ ತಡವಾದರೆ ಜರಿಯ ಎಳೆ ಕಾಣುವುದಿಲ್ಲ, ಮಗ್ಗ ಮೂಲೆ ಸೇರುತ್ತದೆ.

ಗೋರಿಗೆ ಮಣ್ಣು ಹಾಕಿದ ಮೇಲೆ ಹಾಜಿಯ ಒಬ್ಬನೇ ಮಗ ರುಸ್ಲಿ ಊರವರೆದುರು ನಿಂತು, "ಅಪ್ಪ ಯಾರಿಗಾದ್ರೂ ಕೊಡೋದಿದ್ರೆ ನನ್ನ ಹತ್ರ ಬನ್ನಿ," ಎಂದು ಕಣ್ಣೊರೆಸಿಕೊಂಡಿದ್ದ. ಸಾವಿನ ಮನೆಗೆ ಸಾಲ ಕೇಳಲು ಹೋಗುವುದು ಹೇಗೆಂದು ಹಬ್ಸಾ ಒಂದು ವರ್ಷ ಸುಮ್ಮನಿದ್ದಳು. ಮರ್ಯಾದೆ ನೋಡಿದ್ದೇ ತಪ್ಪಾಯಿತು.

"ಸಾಲ ತೀರಿಸದೆ ಎಲ್ಲಾ ನುಂಗೋಕೆ ಅವನ್ಯಾರು?"

"ಆಸ್ತಿ ನೋಡ್ಕೊಳ್ಳೋಕೆ ಅಂತ ಕೋರ್ಟು ನೇಮಿಸಿದ್ದೇ ಅವನನ್ನ. ಮೊದಲು ಸಾಲ ತೀರಿಸ್ಬೇಕು, ಉಳಿದದ್ದು ಅವನಿಗೆ. ತಪ್ಪಿದ್ರೆ ಅವನ ಸ್ವಂತ ಜೇಬಿಗೇ ಕೈ ಹಾಕಬಹುದು. ಆದ್ರೆ ಅವನು ಜೇಬು ಸಮೇತ ಗಡಿ ದಾಟಿ ಥಾಯ್ ಕಡೆ ಹೋಗಿದಾನೆ." ನೋರ್ಲಿಯಾ ಸ್ವಲ್ಪ ತಡೆದಳು. "ಇನ್ನೊಂದು ದಾರಿ ಇದೆ. ಅವನನ್ನ ನೇಮಿಸುವಾಗ ಇಬ್ಬರು ಜಾಮೀನು ನಿಂತಿದ್ರು. ಅವನು ಕೈ ಎತ್ತಿದ್ರೆ ಅವರು ಕಟ್ಟಬೇಕು. ಒಬ್ಬರು ತೀರಿಹೋದ್ರು. ಇನ್ನೊಬ್ಬರಿಗೆ ಸ್ವಂತ ಮನೆ ಇದೆ."

ಹಬ್ಸಾಳಿಗೆ ಹೋದ ಜೀವ ಬಂದಂತಾಯಿತು. "ಮತ್ತೆ ಹಿಡೀಮ್ಮಾ ಅವನನ್ನ! ಅಂಥ ಕಳ್ಳನಿಗೆ ಜಾಮೀನು ನಿಂತೋನಿಗೆ ಕರುಣೆ ಯಾಕೆ? ಮನೆ ಹರಾಜು ಹಾಕ್ಸು. ಅವನ ಹೆಂಡ್ತಿ ಪಾತ್ರೆ ಪಡಗ ಹೊತ್ಕೊಂಡು ಬೀದಿಗೆ ಬರ್ಲಿ, ಆಗ ಗೊತ್ತಾಗುತ್ತೆ!"

ನೋರ್ಲಿಯಾ ಪಕ್ಕದಲ್ಲಿ ಕೂತಿದ್ದ ಹಬ್ಸಾಳ ಗಂಡ ಜುಸೋಹ್‌ನತ್ತ ನೋಡಿದಳು. ಅವನು ತಲೆಯ ಕಪ್ಪು ಟೋಪಿ ತೆಗೆದು ತೊಡೆಯ ಮೇಲೆ ಹಿಂಡುತ್ತಿದ್ದ.

"ಏನ್ರೀ, ನೀವ್ಯಾಕೆ ಬೆವರ್ತಿದೀರಿ?"

"ಹಾಜಿ ಸತ್ತ ನೂರನೇ ದಿನದ ಊಟಕ್ಕೆ ಹೋಗಿದ್ನಲ್ಲ..." ಎಂದ ಜುಸೋಹ್. "ತಟ್ಟೆ ಎತ್ತೋಕೆ ಮುಂಚೆ ರುಸ್ಲಿ ಕಾಗದ ತಂದಿಟ್ಟ. ಸುಮ್ನೆ ಒಂದು ಸೈನು ಅಂದ. ಮಮತ್ ಮನೆ ಅನ್ನ ಉಂಡ ಕೈ ಇನ್ನೂ ತೊಳೆದಿರ್ಲಿಲ್ಲ ಕಣೇ. ಜನ ಎಲ್ಲಾ ನೋಡ್ತಿದ್ರು. ಆಗಲ್ಲ ಅಂತ ಹೇಗೆ ಹೇಳ್ಲಿ?"

ಗಂಡನ ಹೆಸರಿನಲ್ಲಿದ್ದ ಆ ಮನೆಯ ಒಂದೊಂದು ಹಲಗೆಯೂ ಹಬ್ಸಾಳ ಮಗ್ಗದ ದುಡಿಮೆ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಕೈ ಏಳಲಿಲ್ಲ.

"ಬೇಡ ಬಿಡು ತಾಯಿ," ಎಂದಳು ಕೊನೆಗೆ. "ನನ್ನ ದುಡ್ಡೂ ಬೇಡ, ದಾವೇನೂ ಬೇಡ."

"ನೀವು ಬಿಟ್ರೂ ಬೇರೆಯವರು ಬಿಡಲ್ಲ, ಮಾಚಿಕ್. ಹಾಜಿಗೆ ನೂಲು ಕೊಟ್ಟೋರು, ಲಾರಿಗೆ ಸಾಲ ಕೊಟ್ಟೋರು ಆಗ್ಲೇ ಈ ಪಾಚಿಕ್ ಮೇಲೆ, ನಿಮ್ಮ ಯಜಮಾನ್ರ ಮೇಲೇ ದಾವೆ ಹಾಕಿದಾರೆ. ಮನೆ ಹೇಗೂ ಹರಾಜಿಗೆ ಬರುತ್ತೆ. ಬಂದ ದುಡ್ಡಲ್ಲಿ ಕೇಳಿದವರಿಗಷ್ಟೇ ಪಾಲು. ನೀವೂ ಕೇಳಿದ್ರೆ ಕಣ್ಣಿನ ಖರ್ಚಾದ್ರೂ ಸಿಗಬಹುದು."

ಹಬ್ಸಾ ಗಂಡನ ಮುಖ ನೋಡಲಿಲ್ಲ. ಮೆಲ್ಲಗೆ ತಲೆಯಾಡಿಸಿದಳು.

ನೋರ್ಲಿಯಾ ಹಾಳೆ ಎಳೆದುಕೊಂಡು ದಾವೆ ಹಾಕುವವಳ ಹೆಸರು, ವಿಳಾಸ ಕೇಳಿ ಬರೆದುಕೊಂಡಳು. ಎದುರಾಳಿಯ ಹೆಸರನ್ನೂ ಬರೆದಳು. ಮುಂದಿನ ಪ್ರಶ್ನೆ ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು.

"ಇವರ ವಿಳಾಸ?"

ಜುಸೋಹ್ ಹಾಳೆಯ ಮೇಲೆ ಬಾಗಿ ಬೆರಳಿಟ್ಟು ತೋರಿಸಿದ.

"ಅದೇ ಬರ್ಕೊಳ್ಳಮ್ಮ. ಮೇಲೆ ಬರ್ದಿದೀಯಲ್ಲ, ಅದೇ."