ಗಾಳಿ ಕುಡಿಯುವ ಬೇರು

ಎರೆಮಣ್ಣಿಗೆ ನೀರು ಬಿದ್ದ ವಾಸನೆ ಬಂದರೆ ಈಗಲೂ ನನಗೆ ಬೆಣ್ಣೆ ಸೇರುವುದಿಲ್ಲ.

ಲಾರಿ ಓಡಿಸುತ್ತಿದ್ದ ಸೋದರಮಾವ ಘಟ್ಟದ ಕಾಡಿನಿಂದ, ಮರದ ಮೇಲೆಯೇ ಬೆಳೆಯುವ ಸೀತಾಳೆ ದಂಡೆ ಎಂಬ ಹೂಗಿಡವನ್ನು ಕೊಂಬೆಸಮೇತ ತಂದುಕೊಟ್ಟಿದ್ದ. "ಮಣ್ಣ ಹಾಕಬ್ಯಾಡ. ಇದರ ಬೇರು ಗಾಳಿ ಕುಡೀತಾವ," ಎಂದಿದ್ದ. ಅದನ್ನು ಬೇವಿಗೆ ಕಟ್ಟಿ, ಅಪ್ಪನ ತಾಯಿಗೆ ಒಪ್ಪಿಸಿ ಶಾಲೆಗೆ ಹೋದೆ. ಬರುವಷ್ಟರಲ್ಲಿ ಅಜ್ಜಿ ಅದನ್ನು ಎರೆಮಣ್ಣಿನಲ್ಲಿ ಹೂತಿದ್ದಳು.

"ಬೇರು ಬಯಲಿಗಿ ಬಿದ್ದಿದ್ವು, ಮುಚ್ಚೀನಿ."

ಗಿಡ ಕೊಳೆತುಹೋಯಿತು.

ಮುಂದೊಂದು ಮಧ್ಯಾಹ್ನ ಮಾವ ದಾಳಿಂಬ ಊರಿನ ನಮ್ಮ ಮನೆಗೆ ಬಂದವನು, ಊಟಕ್ಕೆ ಕೂತಾಗ ಗಿಡ ಹೇಗಿದೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಕೂಸಿಗಿ ಎಲ್ಲಿ ಲಕ್ಷ್ಯ ಇರತದ್ರಿ, ನೀರೇ ಹಾಕಲಿಲ್ಲ," ಎಂದಳು. ಮಾವ ನನ್ನತ್ತ ನೋಡಿ ರೊಟ್ಟಿ ಮುರಿದ.

ಅಜ್ಜಿ ನನ್ನ ರೊಟ್ಟಿಯ ಮೇಲೆ ಎಂದಿಗಿಂತ ದೊಡ್ಡ ಬೆಣ್ಣೆಯುಂಡೆ ಇಟ್ಟಳು.

"ಉಣ್ಣವ್ವಾ."