ಕೆಮ್ಮು ಕೇಳುವ ಬಾಗಿಲು

ಸಾಂಕ್ರಾಮಿಕ ಬಂದು ಹನ್ನೊಂದು ವರ್ಷವಾಗಿತ್ತು. ಆಸ್ಪತ್ರೆಯ ಬಾಗಿಲು ಕೆಮ್ಮು ಕೇಳಿದರೆ ಮಾತ್ರ ತೆರೆಯುತ್ತಿತ್ತು. ಕಾಲು ಮುರಿದವರೂ, ಹೆರಿಗೆಗೆ ಬಂದವರೂ ಅದರ ಮುಂದೆ ಒಮ್ಮೆ ಕೆಮ್ಮಿಯೇ ಒಳಗೆ ಹೋಗುತ್ತಿದ್ದರು.

ನಿವೃತ್ತ ಪೋಸ್ಟ್‌ಮಾಸ್ತರ ಗುರುಸಿದ್ಧಪ್ಪನವರಿಗೆ ಬೆಳಗಿನಿಂದ ಮೂತ್ರ ಕಟ್ಟಿ ಹೊಟ್ಟೆ ಕಲ್ಲಾಗಿತ್ತು. ಗೋಡೆ ಹಿಡಿದು ನಿಂತು ಕೆಮ್ಮಿದರು. ಆದರೆ ಹನ್ನೊಂದು ವರ್ಷದ ರೂಢಿಯಿಂದ ಮೊಣಕೈ ತಾನಾಗಿ ಬಾಯಿಗೆ ಅಡ್ಡ ಬಂತು. ಬಾಗಿಲಿಗೆ ಏನೂ ಕೇಳಿಸಲಿಲ್ಲ.

“ಬಾಯಿ ಬಿಟ್ಟು ಕೆಮ್ಮರೀ ಅಜ್ಜಾರ,” ಎಂದಳು ಕಾವಲಿನ ನೀಲವ್ವ.

“ನಾಕ ಮಂದಿ ಮುಂದ ಹೆಂಗ ಕೆಮ್ಮಲಿ ತಂಗಿ? ಮಾನ ಹೋಗ್ತದ.”

“ಜೀವ ಹೋದಮ್ಯಾಲ ಆ ಮಾನ ಯಾರಿಗೆ ತೋರಸ್ತೀರಿ?”

ಮತ್ತೆ ಕೆಮ್ಮಿದರು, ಮತ್ತೆ ಮೊಣಕೈ. ಅವರು ಹೊಟ್ಟೆ ಹಿಡಿದು ಬಾಗಿದ್ದನ್ನು ನೋಡಿ ನೀಲವ್ವ ತನ್ನ ಮಾಸ್ಕ್ ಇಳಿಸಿ, ಬಾಗಿಲ ಕಡೆ ಜೋರಾಗಿ ಕೆಮ್ಮಿದಳು. ಸಾಲಿನಲ್ಲಿದ್ದವರು ಹಿಂದೆ ಸರಿದರು. ಬಾಗಿಲು ತೆರೆಯಿತು. “ರೋಗಿಗೆ ಸ್ವಾಗತ. ಹದಿನಾಲ್ಕು ದಿನ ಹೊರಗೆ ಬಿಡುವುದಿಲ್ಲ,” ಎಂದಿತು. ಅವಳು ಅಜ್ಜನ ರಟ್ಟೆ ಹಿಡಿದು ಒಳಗೆ ಹೋದಳು.

ಅರ್ಧ ಗಂಟೆಯಲ್ಲಿ ವೈದ್ಯರು ನಳಿಕೆ ಹಾಕಿ ಮೂತ್ರ ಇಳಿಸಿದರು. ಕೆಮ್ಮದ ಗುರುಸಿದ್ಧಪ್ಪನವರು ಆರೋಗ್ಯವಂತರೆಂದು ಬರೆದು ಮನೆಗೆ ಕಳಿಸಿದರು. ಗಾಜಿನಾಚೆ ಹಾಸಿಗೆಯ ಮೇಲಿದ್ದ ನೀಲವ್ವನಿಗೆ ಅವರು ಕೈಮುಗಿದರು.

“ಹೋಗ್ರೀ ಅಜ್ಜಾರ, ಪೈಪ್ ಎಳಕೋಬ್ಯಾಡ್ರಿ,” ಎಂದವಳು ಫೋನಿನತ್ತ ತಿರುಗಿದಳು. “ಯವ್ವಾ, ಈ ಸಲನೂ ಹದಿನಾಕ ದಿನ ಬರಂಗಿಲ್ಲ. ಏನಾತು ಅಂದ್ರ? ಏನಿಲ್ಲ, ಒಬ್ಬ ಅಜ್ಜಾರಿಗೆ ಉಚ್ಚಿ ಹೋತು. ಛಲೋ ಆತು.”