ಮುಂದೆ ಓಡಿದ ಗಡಿಯಾರ

"ಇನ್ನೂ ಏನಮ್ಮಾ ನೋಡ್ತಾ ಕೂತಿದ್ದೀಯ, ಒತ್ತಿಬಿಡು," ಎಂದರು ಹಿರಿಯ ಇಂಜಿನಿಯರು. ಕಿರಿಯ ಇಂಜಿನಿಯರ್ ಹುಡುಗಿಯ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತ್ತು. ರೋಗಿಯ ಉಸಿರು ತಪ್ಪಿದರೆ ಯಾವ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಬೇಕೆಂದು ಹಾಸಿಗೆ ಪಕ್ಕದ ಯಂತ್ರಗಳಿಗೆ ತಿಳಿಸುವ ಡೈರೆಕ್ಟರಿಗೆ ಆ ಆಸ್ಪತ್ರೆಯಲ್ಲಿ ಎರಡು ಪ್ರತಿಗಳಿದ್ದವು. ಕಡಿದುಹೋಗಿದ್ದ ಅವುಗಳ ಸಂಪರ್ಕವನ್ನು ಈಗ ಜೋಡಿಸಬೇಕಿತ್ತು. ಒಂದು ಪ್ರತಿ ಹೊಸ ಕಂಪ್ಯೂಟರನ್ನು ತೋರಿಸುತ್ತಿತ್ತು. ಇನ್ನೊಂದು, ಆಗಲೇ ಸ್ವಿಚ್ ಆಫ್ ಮಾಡಿಟ್ಟಿದ್ದ ಹಳೆಯದನ್ನು. ಎರಡರ ಮಾತು ತಾಳೆಯಾಗದಿದ್ದರೆ ಯಾವುದರ ಗಡಿಯಾರ ಮುಂದಿದೆಯೋ ಅದೇ ಗೆಲ್ಲುತ್ತದೆ; ಇನ್ನೊಂದೂ ಅದರಂತೆಯೇ ಬದಲಾಗುತ್ತದೆ.

"ಸರ್, ಹಳೇದನ್ನ ತೋರಿಸ್ತಿರೋ ಪ್ರತಿಯ ಗಡಿಯಾರ ಮುಂದೆ ಓಡ್ತಿದೆ ಅನ್ಸತ್ತೆ..."

"ಅನ್ಸತ್ತೋ, ಓಡ್ತಿದೆಯೋ? ನೀನು ಹೀಗೆ ರಾಗ ಎಳೀತಾ ಕೂತ್ರೆ ನಾನು ರಿಟೈರೇ ಆಗ್ಬಿಡ್ತೀನಿ."

ಸುತ್ತಲಿದ್ದವರು ನಕ್ಕರು. ಓಡುತ್ತಿದೆ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಆದರೂ ಎಲ್ಲರೂ ತನ್ನನ್ನು ನೋಡುವುದು ನಿಂತರೆ ಸಾಕೆಂದು ಒತ್ತಿಬಿಟ್ಟಳು.

ಊಟದ ಡಬ್ಬಿ ಬಿಚ್ಚಿದವಳು ಹಾಗೇ ಮುಚ್ಚಿಟ್ಟಳು. ಮಾಡಿದ್ದನ್ನು ಸರಿಪಡಿಸಲೆಂದು ಎದ್ದು ಕಂಪ್ಯೂಟರ್ ಕೋಣೆಗೆ ಓಡೋಡಿ ಬಂದಾಗ ವಾರ್ಡಿನ ನರ್ಸಕ್ಕ ಬಾಗಿಲಿಗೊರಗಿ ನಿಂತಿದ್ದರು.

"ರೋಗಿ ಉಸಿರು ನಿಂತ್ರೂ ಅಲಾರಂ ಕೂಗ್ಲೇ ಇಲ್ಲಮ್ಮ," ಎಂದರು. "ನಿಧಾನಕ್ಕೆ ಸರಿ ಮಾಡು. ಇನ್ನು ಆತುರ ಏನಿಲ್ಲ."